ಸೊನ್ನೆ ದರದ ಮನೆಗಳು

ತೆರಿಗೆ ಸೊನ್ನೆಯಾಯಿತೆಂದು ಅತ್ತ ಹೆಂಗಸನ್ನು ನೀವು ಕಂಡಿರಲಾರಿರಿ. ಆ ವರ್ಷ ಬಜೆಟ್ಟಿನ ಸಂಜೆ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಹೊರಗೆ ನಡುಮನೆಯಲ್ಲಿ ನಮ್ಮವರು ಮೈಸೂರುಪಾಕಿನ ಡಬ್ಬಿ ಬಿಚ್ಚಿ ಬಂದವರಿಗೆಲ್ಲ ಹಂಚುತ್ತಿದ್ದರು.

“ಮಂಗಳ, ಎಷ್ಟೊತ್ತೇ? ಅಂಬುಜಾಕ್ಷಮ್ಮನೋರು ಬಂದಿದಾರೆ. ಅವರಿಗೂ ಸೊನ್ನೆಯಂತೆ” ಎಂದು ಕೂಗಿದರು.

ಅಂಬುಜಾಕ್ಷಮ್ಮ ನಮ್ಮ ಎದುರುಮನೆಯವರು. ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯಿನಿ. ಮನೆಯಲ್ಲಿ ಏನು ಮಾಡಿದರೂ ನಮಗೆ ಒಂದು ಬಟ್ಟಲು ಎತ್ತಿಡದೆ ಉಣ್ಣುವವರಲ್ಲ. ಅವರಿಗೂ ಸೊನ್ನೆ ಎಂದು ಕೇಳಿ ನಲ್ಲಿಯನ್ನು ಇನ್ನಷ್ಟು ಜೋರು ಮಾಡಿದೆ. ಸೊನ್ನೆ ಎಂದರೇನೆಂದು ಆ ಬೀದಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಾನು ಕೆಲಸ ಮಾಡುವುದು ತುಮಕೂರಿನ ಆಚೆ ಬಯಲಿನಲ್ಲಿರುವ ಗಣನಾಲಯದಲ್ಲಿ. ನಾಲ್ಕು ರಾಜ್ಯಗಳ ಜನರ ವರಮಾನ ತೆರಿಗೆಯ ಲೆಕ್ಕ ಅಲ್ಲಿಯ ಯಂತ್ರದಲ್ಲಿ ನಡೆಯುತ್ತದೆ. ಆ ಯಂತ್ರಕ್ಕೆ ಕಾಗದದ ಮೇಲೆ ಉದ್ದದ ಹೆಸರಿದೆ, ನಾವು ಮಾತ್ರ ತಕ್ಕಡಿ ಎನ್ನುತ್ತೇವೆ. ನಾನು ಒಂದು ಪಾಳಿಯ ಮೇಲ್ವಿಚಾರಕಿ. ನಮ್ಮವರು ಷಡಕ್ಷರಿ, ಖಾಸಗಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾರೆ. ಇತಿಹಾಸ ಓದಿದವರಿಗೆ ಮುಂದಿನದರ ಚಿಂತೆ ಕಡಿಮೆ ಎಂದು ನಾನು ಅವರನ್ನು ರೇಗಿಸುವುದುಂಟು.

ನಮ್ಮಪ್ಪನ ಕಾಲದಲ್ಲಿ ಬಜೆಟ್ಟೆಂದರೆ ಸ್ಲ್ಯಾಬು. ಇಷ್ಟು ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ ಇಷ್ಟು, ಇನ್ನೂ ಮೇಲಕ್ಕೆ ಹೋದರೆ ಮತ್ತಷ್ಟು. ಸಂಬಳದವರೆಲ್ಲ ಟೀವಿ ಮುಂದೆ ಕೂತು, ಮಂತ್ರಿಗಳ ಭಾಷಣದಲ್ಲಿ ಆ ಒಂದು ಮಾತು ಬರುವವರೆಗೂ ಆಕಳಿಸುತ್ತಿದ್ದರು. ಮಿತಿ ಏರಿದರೆ ಅವತ್ತು ಮನೆಯಲ್ಲಿ ಪಾಯಸ, ಏರದಿದ್ದರೆ ವರ್ಷವಿಡೀ ಗೊಣಗಾಟ. ಏರಿದ ವರ್ಷವೂ ಬೇರೆ ಯಾವುದೋ ರಿಯಾಯಿತಿ ತೆಗೆದು, ಒಂದು ಕೈಲಿ ಕೊಟ್ಟಿದ್ದನ್ನು ಇನ್ನೊಂದು ಕೈಲಿ ಕಿತ್ತುಕೊಂಡಿರುತ್ತಿದ್ದರು. ಅದು ಅಪ್ಪನಿಗೆ ಜೂನ್ ತಿಂಗಳ ಸಂಬಳ ಬಂದ ಮೇಲೇ ತಿಳಿಯುತ್ತಿತ್ತು.

ಹೊಸ ಬಜೆಟ್ಟು ಸ್ಲ್ಯಾಬುಗಳನ್ನೇ ಎತ್ತಿಹಾಕಿತು. ಅದಕ್ಕೆ ಕೊಟ್ಟ ಕಾರಣ ಕೇಳಲು ಚೆನ್ನಾಗಿತ್ತು. ಒಬ್ಬ ಕಲಾವಿದ ಒಂದು ವರ್ಷ ಕೈತುಂಬ ದುಡಿಯುತ್ತಾನೆ, ಮರುವರ್ಷ ಬರಿಗೈಲಿ ಕೂರುತ್ತಾನೆ. ಒಬ್ಬ ಗುಮಾಸ್ತ ಎರಡೂ ವರ್ಷ ಅದರ ಅರ್ಧರ್ಧ ದುಡಿಯುತ್ತಾನೆ. ಇಬ್ಬರ ಒಟ್ಟು ದುಡಿಮೆ ಒಂದೇ. ಸ್ಲ್ಯಾಬಿನ ಲೆಕ್ಕದಲ್ಲಿ ಮಾತ್ರ ಕಲಾವಿದನಿಗೆ ತೆರಿಗೆ ಹೆಚ್ಚು. ಆದ್ದರಿಂದ ತೆರಿಗೆ ವರ್ಷದ ಆದಾಯದ ಮೇಲೆ ಬೇಡ, ಇಡೀ ಬದುಕಿನ ಆದಾಯದ ಮೇಲಿರಲಿ ಎಂದರು. ಜೀವಮಾನ ತೆರಿಗೆ ಎಂದು ಹೆಸರಿಟ್ಟರು. ತಕ್ಕಡಿಯು ಒಬ್ಬೊಬ್ಬರ ಬದುಕಿನ ಒಟ್ಟು ದುಡಿಮೆಯನ್ನು ಮುಂಚೆಯೇ ಅಂದಾಜು ಮಾಡುತ್ತದೆ. ಅದಕ್ಕೆ ಒಟ್ಟು ತೆರಿಗೆ ಎಷ್ಟೆಂದು ಗೊತ್ತುಮಾಡುತ್ತದೆ, ಈವರೆಗೆ ಕಟ್ಟಿದ್ದನ್ನು ಕಳೆಯುತ್ತದೆ, ಮಿಕ್ಕಿದ್ದನ್ನು ಮುಂದಿನ ವರ್ಷಗಳಿಗೆ ಹಂಚುತ್ತದೆ. ಯಾರಾದರೂ ಈಗಾಗಲೇ ಹೆಚ್ಚು ಕಟ್ಟಿದ್ದರೆ ಅವರ ದರ ಸೊನ್ನೆ. ಹೆಚ್ಚಿಗೆ ಕಟ್ಟಿದ ದುಡ್ಡು ವಾಪಸ್ಸು ಖಾತೆಗೆ ಬರುತ್ತದೆ. ಭಾಷಣ ಮುಗಿದ ಸಂಜೆಯೇ ಒಬ್ಬೊಬ್ಬರ ದರವೂ ವಾಪಸ್ಸಿನ ದುಡ್ಡೂ ಬಂದುಬಿಟ್ಟಿತ್ತು.

ಇನ್ನೂ ಬದುಕದ ವರ್ಷಗಳ ಲೆಕ್ಕ ತಕ್ಕಡಿಗೆ ಹೇಗೆ ಸಿಕ್ಕಿತು ಎನ್ನುತ್ತೀರಿ. ಅದಕ್ಕೆ ಮುಂಚಿನ ಒಂದು ಬಜೆಟ್ಟಿನಲ್ಲಿ ನಡಿಗೆ ರಿಯಾಯಿತಿ ಎಂದು ತಂದಿದ್ದರು. ತೆರಿಗೆ ಕಟ್ಟುವ ಪ್ರತಿಯೊಬ್ಬರಿಗೂ ನಾಡಿ ನೋಡುವ ಒಂದು ಕೈಪಟ್ಟಿ ಕೊಟ್ಟರು. ದಿನಾ ನಡೆದವರಿಗೆ ತೆರಿಗೆಯಲ್ಲಿ ಕಡಿತ. ಗಂಡಸರೂ ಹಾಕಿಕೊಳ್ಳಬೇಕಾಗಿ ಬಂದದ್ದರಿಂದ ಜನ ಅದನ್ನು ಸರ್ಕಾರಿ ಬಳೆ ಎಂದು ಕರೆದರು. ಆ ಬಳೆ ಹೇಳಿದ ನಾಡಿಯ ಮಾತನ್ನೇ ತಕ್ಕಡಿ ಈಗ ಆಯುಷ್ಯದ ಅಂದಾಜಿಗೆ ಹಾಕಿಕೊಂಡಿತು.

ನಲವತ್ತೆಂಟರ ಮನುಷ್ಯ, ಸಂಬಳ ತಪ್ಪದೆ ಬರುತ್ತಿದೆ, ನಿವೃತ್ತಿಗೆ ಇನ್ನೂ ದೂರವಿದೆ. ಅಂಥವನು ಬದುಕಿಡೀ ಕಟ್ಟಬೇಕಾದ ತೆರಿಗೆಯನ್ನು ಆಗಲೇ ಕಟ್ಟಿ ಮುಗಿಸಿದ್ದಾನೆ ಎಂದು ತಕ್ಕಡಿ ಹೇಳಿದರೆ ಅದರ ಅರ್ಥವೇನು? ಮುಂದೆ ಬದುಕಿಲ್ಲ ಎಂದೇ ಅರ್ಥ.

ಮಾರನೆಯ ದಿನ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಒಂದೇ ಹರಕೆ. ನಮ್ಮವರ ಕಾಲೇಜು ಮುಚ್ಚಿಹೋಗಲಿ, ಅವರ ಕೆಲಸ ಹೋಗಲಿ, ಸೊನ್ನೆಗೆ ಕಾರಣ ಅದೇ ಆಗಿರಲಿ ಎಂದು ಬೇಡಿಕೊಂಡೆ. ಗಂಡನ ಕೆಲಸ ಹೋಗಲೆಂದು ಹರಕೆ ಹೊತ್ತ ಹೆಂಡತಿ ಇನ್ನೊಬ್ಬಳು ಇರಲಿಕ್ಕಿಲ್ಲ. ನಮ್ಮಲ್ಲಿ ನೆಂಟರಿಷ್ಟರ ವಿವರ ತೆರೆದು ನೋಡುವ ಹಾಗಿಲ್ಲ, ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಆದರೂ ತೆರೆದೆ. ಆದಾಯದ ಕಡೆ ಎಲ್ಲ ಸರಿಯಾಗಿತ್ತು, ಬಡ್ತಿಯನ್ನೂ ಸೇರಿಸಿ ಲೆಕ್ಕ ಹಾಕಿತ್ತು. ಆಯುಷ್ಯದ ಕಡೆ ಮಾತ್ರ ಒಂದು ವರ್ಷಕ್ಕಿಂತ ಕಡಿಮೆ ಎಂದಿತ್ತು.

ನನ್ನ ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು. ನಮ್ಮ ಮುಖ್ಯಸ್ಥರು, ಕೃಪಾಕರ್ ಸಾರ್. ಮೆದು ಮಾತಿನ ಮನುಷ್ಯ. ಪರದೆ ನೋಡಿದರು, ನನ್ನ ಮುಖ ನೋಡಿದರು. ಬೈಯಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

“ಇದನ್ನ ಮನೇಲಿ ಹೇಳಬೇಡಿ ಸರ್ವಮಂಗಳಾ” ಎಂದರು.

“ತಕ್ಕಡಿ ತಪ್ಪೋದೇ ಇಲ್ವಾ ಸಾರ್?”

“ತಪ್ಪುತ್ತೆ. ಅಪರೂಪಕ್ಕೆ.” ಕೈಚಾಚಿ ಪರದೆ ಆರಿಸಿದರು. “ಯೋಚನೆ ಮಾಡಿ. ಇವರಿಗೆಲ್ಲ ಕೈತುಂಬ ದುಡ್ಡು ಬಂದಿದೆ. ಕಡೇ ತಿಂಗಳುಗಳನ್ನ ಖುಷಿಯಾಗಿ ಕಳೀತಾರೆ. ಹೇಳಿ ಆ ಖುಷೀನ ಕಿತ್ಕೊಳ್ಳೋದಕ್ಕೆ ನಾವ್ಯಾರು? ತಿಳ್ಕೊಳ್ಳೋ ಅಧಿಕಾರ ನಮಗಿದೆ, ಹೇಳೋ ಅಧಿಕಾರ ಇಲ್ಲ.”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ನನಗೆ ಇನ್ನೂ ಭಯ ಹುಟ್ಟಿಸಿತು.

ಮನೆಗೆ ಬಂದರೆ ನಮ್ಮವರು ಸೈಟಿನ ದಲ್ಲಾಳಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಊಟಕ್ಕೆ ಕೂತಾಗ ಎರಡನೇ ಸಲ ಸಾರು ಹಾಕಿಸಿಕೊಂಡು ಕಲಸಿ ಉಂಡರು. ಅವರು ಅಗಿಯುವುದನ್ನೇ ನೋಡುತ್ತ ಕೂತೆ. ಮಲಗಿದವರು ಸ್ವಲ್ಪ ಹೊತ್ತು ಗೊರಕೆ ನಿಲ್ಲಿಸಿದರೆ ಮೂಗಿನ ಹತ್ತಿರ ಕೈಯಿಟ್ಟು ನೋಡುವುದು ಅಭ್ಯಾಸವಾಯಿತು. ಹೇಳಿಬಿಡಲೇ ಎಂದು ಬಾಯಿ ತೆರೆದಾಗಲೆಲ್ಲ ಇನ್ನಷ್ಟು ಸಾರು ಬಡಿಸಲೇ ಎಂದು ಕೇಳುತ್ತಿದ್ದೆ. ಏನೆಂದು ಹೇಳುವುದು? ಸರ್ಕಾರ ನಿಮ್ಮ ಲೆಕ್ಕ ಚುಕ್ತಾ ಮಾಡಿದೆ ಎಂದೇ?

ಕೊನೆಗೆ ಒಂದು ನೆಪ ಹೂಡಿದೆ. ದುಡ್ಡು ಬಂದಿದೆಯಲ್ಲ, ಇಬ್ಬರೂ ಮೈ ತೋರಿಸಿಕೊಂಡು ಬರೋಣ ಎಂದೆ. ಹೃದಯದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಚುರುಕು ಹೆಣ್ಣುಮಗಳು. ಇಸಿಜಿ ತೆಗೆದರು, ಎಕೋ ಮಾಡಿದರು, ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿದರು. ನಾನು ಹೊರಗೆ ಬೆಂಚಿನ ಮೇಲೆ ಸೆರಗಿನ ಅಂಚು ಹಿಂಡುತ್ತ ಕೂತಿದ್ದೆ. ಕೊನೆಗೆ ಒಳಗೆ ಕರೆದರು.

“ಏನೂ ಇಲ್ಲಮ್ಮ. ಯಜಮಾನ್ರ ಹಾರ್ಟು ಗಟ್ಟಿಮುಟ್ಟಾಗಿದೆ. ಹೊಟ್ಟೆ ಒಂಚೂರು ಇಳಿಸಲಿ, ಅಷ್ಟೇ” ಎಂದರು ಡಾಕ್ಟರು.

“ಸರಿಯಾಗಿ ನೋಡಿದ್ರಾ ಡಾಕ್ಟ್ರೇ?”

“ಅನುಮಾನ ಇದ್ರೆ ಅವರ ಬಳೆ ಕೊಡಿ. ವರ್ಷದ ನಾಡಿ ಎಲ್ಲ ಅದರಲ್ಲಿರುತ್ತೆ, ಹೋಲಿಸಿ ನೋಡ್ತೀನಿ.”

ನಮ್ಮವರು ಕಿಟಕಿ ಕಡೆ ತಿರುಗಿದರು. ಆಗ ಅವರ ಮಣಿಕಟ್ಟು ನೋಡಿದೆ. ಇಷ್ಟು ದಿನ, ಮನೆಯಲ್ಲಿ ಬಿಚ್ಚಿಟ್ಟರೂ ಹೊರಗೆ ಹೋಗುವಾಗ ತುಂಬುತೋಳಿನ ಅಂಗಿಯೊಳಗೆ ಬಳೆ ಇರುತ್ತದೆ ಎಂದೇ ನಾನು ತಿಳಿದಿದ್ದೆ. ಆ ಕೈ ಬೋಳಾಗಿತ್ತು.

“ಎಲ್ರೀ ಬಳೆ?”

“ಅದು... ಗಂಗಹನುಮಯ್ಯನ ಹತ್ರ ಇದೆ.”

“ಯಾರು ಗಂಗಹನುಮಯ್ಯ?”

“ಕ್ಯಾತ್ಸಂದ್ರದೋನು. ಸಿದ್ಧಗಂಗೆ ಬೆಟ್ಟ ಹತ್ತಿ ಇಳೀತಾನೆ, ದಿನಾ. ತಿಂಗಳಿಗೆ ಇನ್ನೂರು ಕೊಟ್ರೆ ನಮ್ಮ ಬಳೆ ಹಾಕ್ಕೊಂಡು ನಮ್ಮ ನಡಿಗೇನೂ ನಡೀತಾನೆ. ಬೀದೀಲಿ ಎಲ್ರೂ ಕೊಟ್ಟಿದಾರೆ ಕಣೇ. ನಿನಗೆ ಹೇಳಿದ್ರೆ ಕೂಗಾಡ್ತೀಯ ಅಂತ ಹೇಳಲಿಲ್ಲ.”

ಅಲ್ಲೇ ನಗು ಬಂತು. ಡಾಕ್ಟರು ಗಾಬರಿಯಾಗಿ ನೋಡುವಷ್ಟು ನಕ್ಕೆ. ನನ್ನ ಗಂಡ ಸಾಯುವುದಿಲ್ಲ, ನನ್ನ ಗಂಡ ಬರೀ ಸೋಮಾರಿ. ದೇವರೇ, ಇನ್ನೂ ನೂರು ವರ್ಷ ಸೋಮಾರಿಯಾಗಿರಲಿ ಎಂದುಕೊಂಡೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನಗು ನಿಂತಿತು. ತಕ್ಕಡಿ ಯಾರದೋ ಎದೆಯನ್ನು ಕೇಳಿಸಿಕೊಂಡಿತ್ತು. ಆ ಎದೆ ಇವರದಲ್ಲದಿದ್ದರೆ ಇನ್ನೊಬ್ಬನದು.

ಮರುದಿನ ತಕ್ಕಡಿಗೆ ಒಂದು ಪ್ರಶ್ನೆ ಹಾಕಿದೆ. ನಮ್ಮ ಬೀದಿಯ ಸೊನ್ನೆ ದರದ ಮನೆಗಳ ನಾಡಿಯನ್ನೆಲ್ಲ ಒಂದರ ಮೇಲೊಂದು ಇಟ್ಟು ತೋರಿಸು ಎಂದೆ. ಅಂಬುಜಾಕ್ಷಮ್ಮ, ಬ್ಯಾಂಕಿನ ವಿರೂಪಾಕ್ಷಯ್ಯ, ನಮ್ಮವರು, ಇನ್ನೂ ಇಪ್ಪತ್ತು ಚಿಲ್ಲರೆ ಜನ. ಪರದೆಯ ಮೇಲೆ ಒಂದೇ ಗೆರೆ ಕಂಡಿತು. ಒಂದೇ ಹೊತ್ತಿಗೆ ಏರುತ್ತದೆ, ಒಂದೇ ಹೊತ್ತಿಗೆ ತಡವರಿಸುತ್ತದೆ, ಒಂದೇ ಹೊತ್ತಿಗೆ ಒಂದು ಬಡಿತ ಬಿಟ್ಟು ಮುಂದಕ್ಕೆ ಹೋಗುತ್ತದೆ. ಎರಡು ಬಳೆ ಒಂದೇ ಕೈಯಲ್ಲಿವೆಯೇ ಎಂದು ತಕ್ಕಡಿಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳದ್ದನ್ನು ಹೇಳುವ ಯಂತ್ರವಲ್ಲ ಅದು.

ಗಂಗಹನುಮಯ್ಯನ ಹೆಸರು ಹುಡುಕಿದೆ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವನು, ಅವನಿಗೆ ಬಳೆಯೇ ಇಲ್ಲ. ಅವನ ಸಾವಿನ ಸೂಚನೆ ಇಪ್ಪತ್ತು ಮನೆಗೆ ಸೊನ್ನೆಯಾಗಿ ಬಂದಿತ್ತು, ಅವನಿಗೆ ಮಾತ್ರ ಗೊತ್ತಾಗುವ ದಾರಿ ಇರಲಿಲ್ಲ.

ರಜೆ ಹಾಕಿ ಬೆಟ್ಟದ ಬುಡಕ್ಕೆ ಹೋದೆ. ಗುರುತಿಸುವುದು ಕಷ್ಟವಾಗಲಿಲ್ಲ. ಅರವತ್ತರ ಹತ್ತಿರದ ಮನುಷ್ಯ, ಎರಡೂ ಕೈಗೆ ಮೊಣಕೈವರೆಗೂ ಬಳೆ, ಮದುವಣಗಿತ್ತಿಯ ಹಾಗೆ. ಕಾಲಿಗೂ ಇದ್ದವು. ಮೆಟ್ಟಿಲಿಳಿದು ಬಂದವನು ಎಳನೀರಿನ ಗಾಡಿಯ ನೆರಳಿಗೆ ಕೂತು, ಎಡಗೈಯಿಂದ ಎದೆ ನೀವಿಕೊಂಡ. ಮುಖದ ತುಂಬ ಬೆವರು.

“ಎದೆ ನೋವಾ?” ಎಂದೆ.

“ಗ್ಯಾಸ್ಟ್ರಿಕ್ಕು ಕಣಮ್ಮ. ಹತ್ತುವಾಗ ಹಿಡ್ಕೊಳ್ತೈತೆ, ಒಂದು ಸೋಡ ಕುಡುದ್ರೆ ಬಿಡ್ತೈತೆ. ತಾವು ಯಾರು? ಬಳೆ ಕೊಡೋಕೆ ಬಂದ್ರಾ? ಕೈಯಾಗೆ ಜಾಗ ಇಲ್ಲ, ಕಾಲಿಗೆ ಹಾಕ್ಕೊಂತೀನಿ.”

“ನಾನು ಷಡಕ್ಷರಿ ಮೇಷ್ಟ್ರ ಮನೆಯವಳು.”

“ಓ, ಮೇಷ್ಟ್ರ ಮನೆಯೋರಾ. ಒಳ್ಳೆ ಮನುಸ್ರು. ಅವರ ಬಳೆ ಬಲಗೈಯಾಗೆ ಮೊದಲನೇದು, ನೋಡಿ.”

ಮಂಡಿ ಹಮಾಲಿಯಾಗಿದ್ದನಂತೆ. ಹುಣಸೆಹಣ್ಣಿನ ಮೂಟೆ ಹೊತ್ತ ಹೆಗಲು. ಮೂಟೆ ಎತ್ತುವ ಯಂತ್ರ ಬಂದ ಮೇಲೆ ಕೆಲಸ ಹೋಗಿ, ಈ ಕಸುಬು ಹಿಡಿದಿದ್ದ. ಮೇಷ್ಟ್ರು ಕಳಿಸಿದ್ದಾರೆ, ಪುಕ್ಕಟೆ ಪರೀಕ್ಷೆ ಎಂದು ಸುಳ್ಳು ಹೇಳಿ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ನಮ್ಮವರ ಬಳೆಯನ್ನು ಬಿಚ್ಚಿಸಿ ನೋಡಿದರು, ಆಂಜಿಯೋಗ್ರಾಂ ಮಾಡಿದರು. ಮೂರು ರಕ್ತನಾಳ ಕಟ್ಟಿಕೊಂಡಿದ್ದವು.

“ಈ ವಾರವೇ ಆಪರೇಷನ್ ಆಗಬೇಕು. ಮಾಡಿಸಿದ್ರೆ ಇನ್ನೂ ಇಪ್ಪತ್ತು ವರ್ಷ ಇರ್ತಾನೆ. ಆಗದಿದ್ರೆ ಬೆಟ್ಟದ ಮೇಲೇ ಬಿದ್ದುಹೋಗ್ತಾನೆ” ಎಂದರು. ಅವನ ಹತ್ತಿರ ಸರ್ಕಾರಿ ಆರೋಗ್ಯ ಕಾರ್ಡಿತ್ತು, ಖರ್ಚಿನ ಚಿಂತೆ ಇಲ್ಲದೆ ಅಂದೇ ಅಲ್ಲಿ ಸೇರಿಸಿದೆ.

ಇಷ್ಟಾದರೆ ಮುಗಿಯಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ನಮ್ಮವರಿಗೆ ಎಲ್ಲ ಹೇಳಿದೆ, ಸೊನ್ನೆಯ ಅರ್ಥವನ್ನೂ ಹೇಳಿದೆ. ಅವರು ಬೋಳು ಮಣಿಕಟ್ಟನ್ನು ಉಜ್ಜಿಕೊಂಡರು. ಆಮೇಲೆ, ಅವನು ಮಲಗಿರುವಷ್ಟು ದಿನ ಅವನ ಸಂಸಾರಕ್ಕೆ ಏನಾದರೂ ಆಗಬೇಕು, ಬೀದಿಯವರೆಲ್ಲ ಸೇರಿ ಕೊಡೋಣ ಎಂದರು. ಒಳ್ಳೆಯದನ್ನು ಮಾಡಲು ಹೋಗಿಯೇ ಕೆಟ್ಟೆವು.

ಅಂಬುಜಾಕ್ಷಮ್ಮನವರ ನಡುಮನೆಯಲ್ಲಿ ಸಂಜೆ ಕಾಫಿಗೆ ಎಲ್ಲರೂ ಸೇರಿದರು. ನಾನು ನನ್ನ ನೌಕರಿಯ ಕಟ್ಟುಪಾಡನ್ನೆಲ್ಲ ಮೀರಿ ನಿಜ ಹೇಳಿದೆ. ಸೊನ್ನೆ ಎಂದರೆ ಸಾವು ಎಂದಾಗ ಒಬ್ಬರ ಲೋಟ ಕೈಯಿಂದ ಜಾರಿತು. ಅದು ನಿಮ್ಮ ಸಾವಲ್ಲ, ಗಂಗಹನುಮಯ್ಯನದು ಎಂದಾಗ ಎಲ್ಲರ ಮುಖಕ್ಕೂ ರಕ್ತ ಮರಳಿತು. ಯಾರೋ ದೇವರಿಗೆ ಕೈಮುಗಿದರು. ಅವರನ್ನು ಹೇಗೆ ಬೈಯಲಿ, ಡಾಕ್ಟರ ಮುಂದೆ ನಾನೂ ನಕ್ಕವಳೇ.

ನಮ್ಮವರು ಆಪರೇಷನ್ನಿನ ವಿಷಯ ಎತ್ತಿದರು. ವಿರೂಪಾಕ್ಷಯ್ಯ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಒಂದು ಮಾತು ಮೇಡಂ. ಅವನ ಎದೆ ಸರಿಹೋದ್ರೆ ನಮ್ಮ ದರ ಏನಾಗುತ್ತೆ?” ಎಂದು ಕೇಳಿದರು.

ಸುಳ್ಳು ಹೇಳಬೇಕಿತ್ತು. ಹೇಳಲಿಲ್ಲ. “ಏರುತ್ತೆ. ಬಂದಿರೋ ದುಡ್ಡನ್ನೂ ವಾಪಸ್ ಕಟ್ಟಬೇಕಾಗುತ್ತೆ” ಎಂದೆ.

“ದರ ಎಲ್ಲೀವರೆಗೆ ಬದಲಾಗ್ತಿರುತ್ತೆ?”

“ಮಾರ್ಚ್ ಕೊನೆಗೆ ಆ ವರ್ಷದ ದರ ಖಾಯಂ ಆಗುತ್ತೆ. ಆಮೇಲೆ ಬಳೆ ಏನು ಹೇಳಿದ್ರೂ ಬದಲಾಗಲ್ಲ.”

ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಕೂಗಿತು. ಅಂಬುಜಾಕ್ಷಮ್ಮ ನನ್ನ ಕೈಮೇಲೆ ಕೈಯಿಟ್ಟರು. “ಯಾರೂ ಬೇಡ ಅನ್ನಲ್ಲಮ್ಮ. ಪಾಪದ ಮನುಷ್ಯ, ಮಾಡಿಸಲೇಬೇಕು. ಇದೊಂದು ಮಾರ್ಚ್ ಕಳೀಲಿ. ಏಪ್ರಿಲ್ ಒಂದಕ್ಕೆ ನಾವೇ ಮುಂದೆ ನಿಂತು ಮಾಡಿಸೋಣ.”

“ಅಲ್ಲಿವರೆಗೆ ಅವನು ಇರಲ್ಲ ಅಂದಿದಾರೆ ಡಾಕ್ಟ್ರು.”

“ಡಾಕ್ಟ್ರುಗಳು ಹಾಗೇ ಹೇಳೋದು. ಹೆದರಿಸದೆ ಇದ್ರೆ ಅವರ ಅಂಗಡಿ ನಡೆಯೋದು ಹೇಗೆ” ಎಂದರು ವಿರೂಪಾಕ್ಷಯ್ಯ.

ಅಲ್ಲಿದ್ದವರಲ್ಲಿ ಕೊಲೆಗಡುಕರು ಯಾರೂ ಇರಲಿಲ್ಲ. ನನ್ನ ಮಗಳ ಬಾಣಂತನಕ್ಕೆ ಬಿಸಿನೀರು ಕಾಯಿಸಿಕೊಟ್ಟವರು, ನಮ್ಮವರಿಗೆ ಡೆಂಗಿಯಾದಾಗ ರಕ್ತ ಕೊಟ್ಟವರು. ಒಬ್ಬನ ಎದೆ ಇನ್ನೊಂದಷ್ಟು ವಾರ ರಿಪೇರಿಯಾಗದೆ ಇರಲಿ ಎಂದು ಅವರು ಕಾಫಿ ಕುಡಿಯುತ್ತ ಒಪ್ಪಿಕೊಂಡರು. ಮರುದಿನ ಸಂಜೆಯೊಳಗೆ ದುಡ್ಡು ಸೇರಿಸಿ, ಲಕೋಟೆಯಲ್ಲಿಟ್ಟು, ಗಂಗಹನುಮಯ್ಯನ ಮನೆಗೆ ಕೊಟ್ಟುಬಂದದ್ದೂ ಆಯಿತು. ನನಗೆ ತಿಳಿದದ್ದು ಆಸ್ಪತ್ರೆಯಿಂದ ಡಾಕ್ಟರು ಫೋನು ಮಾಡಿ, ನಿಮ್ಮ ಪೇಷಂಟು ಬೇಡವೆಂದು ಎದ್ದು ಹೋದ ಎಂದಾಗ.

ದಿಗಿಲು ಬಿದ್ದು ಕ್ಯಾತ್ಸಂದ್ರಕ್ಕೆ ಓಡಿದೆ. ಗಂಗಹನುಮಯ್ಯ ಜಗುಲಿಯ ಮೇಲೆ ಕೂತು ಕಾಲಿನ ಬಳೆಗಳ ಕೆಳಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದ. ಅವನ ಹೆಂಡತಿ ಒಳಗೆ ಮುದ್ದೆ ತೊಳಸುತ್ತಿದ್ದಳು.

“ನಿಮಗೆ ಎಲ್ಲ ಹೇಳಿದಾರಾ?” ಎಂದೆ.

“ಹೇಳವ್ರೆ. ಟೀಚರಮ್ಮ ಬಂದು ಬಿಡಿಸಿ ಬಿಡಿಸಿ ಹೇಳುದ್ರು. ಮುಚ್ಚುಮರೆ ಮಾಡ್ಲಿಲ್ಲ.”

“ಮತ್ತೆ ಯಾಕೆ ಎದ್ದು ಬಂದ್ರಿ? ಸತ್ತುಹೋಗ್ತೀರಾ ಗಂಗಹನುಮಯ್ಯನವರೇ.”

ಅವನು ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡ. “ನಲವತ್ತು ವರ್ಷ ಮೂಟೆ ಹೊತ್ತೆ ಕಣಮ್ಮ. ಆಗ ಈ ಎದೆ ಗಟ್ಟಿ ಇತ್ತು, ದಿನಗೂಲಿ ಕೊಡ್ತಿದ್ರು. ಈಗ ಕೆಟ್ಟದೆ, ಕೆಟ್ಟಿರೋದಕ್ಕೇ ಎರಡು ವರ್ಷದ ಕೂಲಿ ಒಂದೇ ಸಲ ಕೊಟ್ಟವ್ರೆ. ಸರಿ ಮಾಡುಸ್ಕೊಂಡ್ರೆ ಯಾರು ಕೊಡ್ತಾರೆ? ನನಗೂ ಸಾಯಕೆ ಹೆದ್ರಿಕೆನೇ. ಸುಳ್ಳು ಯಾಕೆ ಹೇಳ್ಲಿ? ಹತ್ತುವಾಗ ಕಣ್ಣು ಕತ್ತಲೆ ಬತ್ತದೆ. ಆದ್ರೆ ಇವಳಿಗೆ ಏನಾದ್ರೂ ಬೇಕಲ್ಲ.”

ನನಗೂ ಅವನಿಗೂ ಹಿಡಿದದ್ದು ಒಂದೇ ಭಯ, ಅದನ್ನು ಹೊತ್ತುಕೊಂಡು ಕೆಲಸ ಮಾಡುವುದು ಅವನಿಗೆ ಅಭ್ಯಾಸವಾಗಿತ್ತು.

“ಅವರು ಕೊಟ್ಟಿದ್ದರ ಎರಡರಷ್ಟು ನಾನು ಕೊಡ್ತೀನಿ. ನಾಳೆ ಆಸ್ಪತ್ರೆಗೆ ಬನ್ನಿ” ಎಂದೆ.

ಅವನು ಒಳಗೆ ಹೆಂಡತಿಯ ಕಡೆ ನೋಡಿದ. “ಅವರು ಕೊಟ್ಟಿರೋದನ್ನ ವಾಪಸ್ ಕೊಡಬೇಕಾ?”

“ಬೇಡ.”

“ಹಂಗಾದ್ರೆ ಬತ್ತೀನಿ.”

ಮನೆಯಲ್ಲಿ ನಮ್ಮವರಿಗೆ ಹೇಳಿದಾಗ ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. “ಖಾತೆಗೆ ಬಂದಿರೋದೆಲ್ಲ ಅವನಿಗೆ ಹೋಗುತ್ತೆ. ಆಮೇಲೆ ಸರ್ಕಾರಕ್ಕೆ ಅಷ್ಟನ್ನೇ ಮತ್ತೆ ಕಟ್ಟಬೇಕು, ಗೊತ್ತಾ? ಸೈಟಿಗೆ ಬೇರೆ ಅಡ್ವಾನ್ಸ್ ಕೊಟ್ಟಿದೀನಿ.”

“ಗೊತ್ತು.”

“ಬಳೆ ವಿಷಯ ಹೊರಗೆ ಬಂದ್ರೆ ನಿನ್ನ ಕೆಲಸ ಹೋಗುತ್ತೆ. ನನ್ನನ್ನ ಜೈಲಿಗೆ ಹಾಕ್ತಾರೋ ಏನೋ.”

“ಅದೂ ಗೊತ್ತು. ನಿಮಗಾಗಿ ನಾನು ಎಷ್ಟು ಅತ್ತಿದೀನಿ ಅಂತ ನಿಮಗೆ ಗೊತ್ತಿಲ್ಲ. ಅದೇ ಅಳು ಆ ಮನೇಲೂ ಇದೆ.”

ಅವರು ಎದ್ದು ಫೋನು ತಂದು, ದುಡ್ಡು ಕಳಿಸಿ ಒಳಗೆ ಹೋದರು. ಮರುದಿನ ಆಸ್ಪತ್ರೆಯಲ್ಲಿ ಸೋಪು ಹಚ್ಚಿ ಗಂಗಹನುಮಯ್ಯನ ಕೈಕಾಲಿನಿಂದ ಬಳೆಗಳನ್ನು ಬಿಚ್ಚಿದರು. ಬಳೆ ಇದ್ದ ಕಡೆಯೆಲ್ಲ ಚರ್ಮ ಬೆಳ್ಳಗಾಗಿತ್ತು. ನಮ್ಮವರೇ ಅವನ್ನು ಕೈಚೀಲದಲ್ಲಿ ತುಂಬಿ, ಎಲ್ಲರೂ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಒಂದೊಂದು ಮನೆಯ ಗೇಟಿಗೂ ಒಂದೊಂದನ್ನು ಸಿಕ್ಕಿಸಿ ಬಂದರು.

ಆಪರೇಷನ್ ಚೆನ್ನಾಗಿ ಆಯಿತು. ಗಂಗಹನುಮಯ್ಯ ವಾರ್ಡಿನಲ್ಲಿ ದಿಂಬಿಗೊರಗಿ ಕೂತು ಗಂಜಿ ಕುಡಿಯುತ್ತ, ಮತ್ತೆ ಬೆಟ್ಟ ಹತ್ತುವುದು ಯಾವಾಗ ಎಂದು ಡಾಕ್ಟರನ್ನು ಕೇಳಿ ಬೈಸಿಕೊಂಡ. ಅವನ ಹೆಂಡತಿ ನನ್ನ ಕಾಲಿಗೆ ಬೀಳಲು ಬಂದಾಗ ನಾನು ಹಿಂದೆ ಸರಿದೆ. ಅವನ ಎದೆಯಿಂದ ಬಂದ ದುಡ್ಡನ್ನೇ ನಾನು ಅವನಿಗೆ ಕೊಟ್ಟದ್ದು.

ಕೆಲವು ದಿನ ನಾಡಿ ಬಾರದ ಬಳೆಗೆ ದಂಡ ಬೀಳುತ್ತಿದ್ದುದರಿಂದ ಬೀದಿಯಲ್ಲಿ ಬಳೆಗಳು ಅವರವರ ಕೈಗೆ ಹೋದವು. ತಕ್ಕಡಿ ಈಗ ಅವರವರ ಎದೆಯನ್ನೇ ಕೇಳತೊಡಗಿತು. ಒಬ್ಬೊಬ್ಬರದೇ ದರ ಏರಿತು, ಕೊಟ್ಟ ದುಡ್ಡನ್ನು ಮರಳಿ ಕಟ್ಟಿರೆಂದು ಸೂಚನೆ ಬಂತು. ನನ್ನನ್ನು ಯಾರೂ ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಹೆದರಿಕೆಯಾಗಿತ್ತು. ಬೆಳಿಗ್ಗೆ ರಂಗೋಲಿ ಹಾಕಲು ಹೋದರೆ ಎದುರುಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಗಣನಾಲಯದಲ್ಲಿ ಫೋನು ಗುಣುಗಿದಾ‌ಗಲೆಲ್ಲ ಯಾರೋ ದೂರು ಕೊಟ್ಟರೆಂದೇ ಎತ್ತಿಕೊಳ್ಳುತ್ತಿದ್ದೆ.

ಯುಗಾದಿಯ ದಿನ ಅಂಬುಜಾಕ್ಷಮ್ಮ ಬಂದರು. ಮಾರ್ಚ್ ಮುಗಿಯಲು ಇನ್ನೂ ಕೆಲವು ದಿನಗಳಿದ್ದವು. ಬಾಳೆಲೆ ಮುಚ್ಚಿದ ತಟ್ಟೆಯಲ್ಲಿ ಒಬ್ಬಟ್ಟು, ಮೇಲೆ ತುಪ್ಪ. ಅವರು ನಕ್ಕದ್ದನ್ನು ನೋಡಿ ನನಗೆ ಅಳುವೇ ಬಂತು. ಕರೆದು ಕೂರಿಸಿದೆ. ನಮ್ಮವರೂ ಪೇಪರು ಮಡಿಸಿಟ್ಟು ಬಂದು ಕೂತರು.

“ಹೇಗಿದಾನಂತೆ ಪಾಪ, ಗಂಗಹನುಮಯ್ಯ?” ಎಂದು ಕೇಳಿದರು.

“ಮನೆಗೆ ಬಂದಿದಾರೆ. ಅಂಗಳದಲ್ಲಿ ಓಡಾಡ್ತಾರಂತೆ.”

“ಒಳ್ಳೇದಾಯ್ತು ಬಿಡಿ. ನೀವು ಮಾಡಿದ್ದೇ ಸರಿ. ನಾನು ಅವತ್ತು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ ಮಂಗಳಾ, ಎಂಥ ಮಾತಾಡಿಬಿಟ್ಟೆ ಅಂತ. ಬದುಕಬೇಕಾದೋನನ್ನ ತಡೀಬಾರದು.” ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿಕೊಂಡರು. ಆಮೇಲೆ ನನ್ನ ಹತ್ತಿರಕ್ಕೆ ಸರಿದು ದನಿ ತಗ್ಗಿಸಿದರು.

“ತಪ್ಪು ತಿಳ್ಕೋಬೇಡಿ. ಅವನ ಕಾಯಿಲೆ ವಾಸಿಯಾಗೋದು, ವಾಸಿಯಾಯ್ತು. ವಾಸಿಯಾಗದೇ ಇರೋರೂ ಇರ್ತಾರಲ್ವಾ? ಔಷಧಿ ಇಲ್ಲದೋರು. ಹೇಗೂ ಹೋಗೋರು. ಯಾರ್ಯಾರಿಗೆ ಸೊನ್ನೆ ಬಂದಿದೆ ಅಂತ ನಿಮ್ಮ ಆಫೀಸಲ್ಲಿ ಕಾಣುತ್ತಲ್ಲ. ಅಂಥೋರು ಹತ್ತಿರದಲ್ಲಿ ಯಾರಾದ್ರೂ ಇದ್ರೆ ಹೆಸರು ಹೇಳಿ, ಸಾಕು. ನಮ್ಮ ಬಳೆ ಹಾಕ್ಕೋತೀರಾ ಅಂತ ನಾವೇ ಹೋಗಿ ಕೇಳ್ತೀವಿ. ಅವರ ಮನೆಗೂ ನಾಲ್ಕು ಕಾಸಾಗುತ್ತೆ.”

ನಾನು ನಮ್ಮವರ ಕಡೆ ನೋಡಿದೆ. ಬೇಡ ಎಂದು ಅವರು ಹೇಳಲಿ ಎಂದು ಕಾದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಯಾರೂ ಗೊತ್ತಿಲ್ಲ” ಎಂದೆ.

ಅಂಬುಜಾಕ್ಷಮ್ಮ ತಲೆಯಾಡಿಸಿದರು. ತಟ್ಟೆ ಆಮೇಲೆ ಕಳಿಸಿ ಎಂದು ಎದ್ದು ಹೋದರು. ಅವರು ಕೇಳಿದ ಕೂಡಲೇ, ನಾನು ಬಯಸದೆಯೇ, ಮೂರು ಹೆಸರು ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅದರಲ್ಲಿ ಒಬ್ಬಾಕೆಯ ಮನೆ ಬಟವಾಡಿಯಲ್ಲಿ, ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ದೂರ.